ಸಾವಕಾಶ ಓಣಿಯ ಇಪ್ಪತ್ತೈದು ನಿಮಿಷ

ಧಾರವಾಡಕ್ಕೆ ಸಾವಕಾಶವನ್ನು ಹೊರಗಿನಿಂದ ತರಿಸಬೇಕಾದ ಕಾಲ ಬಂದೀತೆಂದು ಊರವರು ಕನಸಿನಲ್ಲೂ ಎಣಿಸಿರಲಿಲ್ಲ. ಇಲ್ಲಿ ಚಹಾಕ್ಕೆಂದು ಹೊರಬಿದ್ದವನು ಮನೆಗೆ ಮರಳುವಷ್ಟರಲ್ಲಿ ಊಟದ ಹೊತ್ತು ಮೀರಿರುತ್ತದೆ. ಯಾಕೆಂದು ಯಾರೂ ಕೇಳುವುದಿಲ್ಲ. ಆದರೆ ಆ ವೇಳೆಗೆ ನಗರಗಳಲ್ಲಿ ನಿಧಾನ ಬದುಕಿನ ಚಳವಳಿ ಮೂರು ಹಂತ ದಾಟಿತ್ತು. ಮೊದಲನೆಯದರಲ್ಲಿ ಜನ ಮಣ್ಣಿನ ಗಡಿಗೆ ಕೊಂಡರು. ಎರಡನೆಯದರಲ್ಲಿ ಫೋನನ್ನು ಕಪಾಟಿನಲ್ಲಿಟ್ಟು, ಹಾಗೆ ಇಟ್ಟದ್ದರ ಚಿತ್ರವನ್ನು ಇನ್ನೊಂದು ಫೋನಿನಿಂದ ತೆಗೆದು ಎಲ್ಲರಿಗೂ ಕಳಿಸಿದರು. ಮೂರನೆಯದರಲ್ಲಿ, ಸ್ವಂತ ಪ್ರಯತ್ನದಿಂದ ನಿಧಾನವಾಗಲು ತಮಗೆ ವೇಳೆ ಸಾಲುತ್ತಿಲ್ಲವೆಂದು ಅರಿತು, ಯಂತ್ರ ಬೇಕೆಂದರು.

ಹಾಗೆ ಬಂದದ್ದು ‘ಮಂದ್ರ’. ಓಣಿಯ ಮೂಲೆಮೂಲೆಗೆ ನೆಟ್ಟ ಕಂಬಗಳು ಕಿವಿಗೆ ಕೇಳಿಸದಷ್ಟು ಕೆಳಗಿನ ಸ್ಥಾಯಿಯಲ್ಲಿ ಗುಂಯ್‌ಗುಡುತ್ತಿದ್ದವು. ಬಾಜಾಬಜಂತ್ರಿಯ ಹಿಂದೆ ನಡೆಯುವವರ ಕಾಲು ತಾನಾಗಿ ತಾಳಕ್ಕೆ ಬೀಳುವ ಹಾಗೆ, ಅಲ್ಲಿ ವಾಸಿಸುವವರ ಮಿದುಳು ಆ ಗುಂಯ್‌ಕಾರಕ್ಕೆ ಹೊಂದಿಕೊಳ್ಳುತ್ತಿತ್ತು. ನಡಿಗೆ, ಮಾತು, ವಿಚಾರ, ಸಿಟ್ಟು ಎಲ್ಲವೂ ಊರಿನ ಸಾಮಾನ್ಯ ವೇಗದ ಐದರಲ್ಲಿ ನಾಲ್ಕು ಪಾಲಿಗೆ ಇಳಿಯುತ್ತಿದ್ದವು. ಹೊಟ್ಟೆ, ನೆತ್ತರು, ಉಗುರು ಮಾತ್ರ ತಮ್ಮ ಪಾಡಿಗೆ ಮೊದಲಿನಂತೆಯೇ ಕೆಲಸ ಮಾಡುತ್ತಿದ್ದವು. ಇದು ಮಂಡಳಿಯ ಕೈಪಿಡಿಯ ನಲವತ್ತನೆಯ ಪುಟದಲ್ಲಿತ್ತು. ನಿಧಾನವಾಗಿ ಓದುವವರು ಅಲ್ಲಿಯವರೆಗೆ ತಲುಪಿರಲಿಲ್ಲ.

ಸಾವಕಾಶ ಮಂಡಳಿ ಪ್ರಯೋಗಕ್ಕೆ ಆರಿಸಿಕೊಂಡದ್ದು ಬಳಿಗಾರ ಓಣಿಯ ಇನ್ನೂರ ಅರವತ್ತು ಮನೆಗಳನ್ನು. ನಿಯಮಗಳು ಹೆಚ್ಚಿರಲಿಲ್ಲ. ಮನೆಯ ಗಡಿಯಾರಗಳನ್ನು ಮಂಡಳಿಗೆ ಒಪ್ಪಿಸಬೇಕು. ಸೂರ್ಯೋದಯದಿಂದ ಮಂದ್ರವೇ, ಓಣಿಯ ವೇಗಕ್ಕೆ ಹೊಂದಿಸಿದ ತನ್ನ ಗಡಿಯಾರದಂತೆ, ತಾಸಿಗೊಮ್ಮೆ ಗಂಟೆ ಬಾರಿಸುತ್ತದೆ. ಓಣಿಯಾಚೆ ನೌಕರಿಗೆ ಹೋಗುವವರು ಎಷ್ಟು ಬೇಗ ಹೊರಟರೂ ತಡವಾಗಿಯೇ ಮುಟ್ಟುತ್ತಿದ್ದರಿಂದ ಎರಡೇ ತಿಂಗಳಲ್ಲಿ ಮನೆ ಖಾಲಿ ಮಾಡಿದರು. ಅವರ ಜಾಗಕ್ಕೆ ಪಿಂಚಣಿದಾರರು, ಕವಿಗಳು, ನವಣೆ ತಿನ್ನುವವರು ಬಂದರು. ಹೊರಗಿನವರು ಓಣಿಯ ಕಮಾನು ದಾಟಿದೊಡನೆ ತಾವೂ ನಿಧಾನವಾಗುತ್ತಿದ್ದರಿಂದ, ಹಾಲಿನವನು ಕ್ಯಾನುಗಳನ್ನು ಕಮಾನಿನ ಹೊರಗೇ ಇಟ್ಟು ಹೋಗುತ್ತಿದ್ದ.

ಯಂತ್ರವನ್ನು ನೋಡಿಕೊಳ್ಳುತ್ತಿದ್ದವಳು ಸುಗಲಾ. ನಲವತ್ತಮೂರರ ಎಂಜಿನಿಯರು, ಅದೇ ಓಣಿಯ ಸೊಸೆ. ನಿಯಂತ್ರಣ ಕೊಠಡಿಯೂ ಓಣಿಯೊಳಗೇ, ಹಳೆಯ ವಾಚನಾಲಯದಲ್ಲಿತ್ತು. ಸಾವಕಾಶವನ್ನು ನಡೆಸುವವರು ಸಾವಕಾಶದಲ್ಲೇ ಬದುಕಬೇಕೆಂಬುದು ಮಂಡಳಿಯ ಅಧ್ಯಕ್ಷ ಡಾ. ಶಶಿಶೇಖರ ಕಂಬಿಯವರ ಹಟ. ಹಡಗಿನ ತೂತನ್ನು ನೋಡಿಕೊಳ್ಳುವವನನ್ನು ಹಡಗಿನಲ್ಲೇ ಕೂರಿಸುವುದು ನ್ಯಾಯವೇ; ಆದರೆ ಹಡಗು ಎಷ್ಟು ಮುಳುಗಿದೆಯೆಂದು ತಿಳಿಯಲು ದಂಡೆಯ ಮೇಲೂ ಒಬ್ಬನಿರಬೇಕೆಂದು ಯಾರಿಗೂ ಹೊಳೆಯಲಿಲ್ಲ.

ನಾಲ್ಕನೆಯ ತಿಂಗಳ ಹೊತ್ತಿಗೆ ದೂರುಗಳು ಬರತೊಡಗಿದವು. ಹಾಲು ಒಲೆಯ ಮೇಲಿಟ್ಟು ತಿರುಗುವಷ್ಟರಲ್ಲಿ ಉಕ್ಕುತ್ತದೆ. ರಾತ್ರಿ ಹೆಪ್ಪು ಹಾಕಿದ ಮೊಸರು ಏಳುವಷ್ಟರಲ್ಲಿ ಹುಳಿ. ರೊಟ್ಟಿ ತಿರುವಿ ಹಾಕುವ ಮೊದಲೇ ಕರಕು. ದೂರಿನ ಅರ್ಜಿಯಲ್ಲಿ ಶಬ್ದ, ಬೆಳಕು, ಗಡಿ ತೊಂದರೆ, ಇತರೆ ಎಂಬ ನಾಲ್ಕು ಚೌಕಗಳಿದ್ದವು. ಹಾಲು ಯಾವುದಕ್ಕೂ ಒಗ್ಗದ್ದರಿಂದ ಇತರೆಗೆ ಹೋಯಿತು. ಇತರೆ ಕಂಬಿಯವರ ಕಪಾಟಿಗೆ ಹೋಯಿತು.

ಒಂದು ಮಾತನ್ನು ಮಾತ್ರ ಯಾರೂ ದೂರೆಂದು ಬರೆದುಕೊಡಲಿಲ್ಲ. ಯಾರನ್ನು ಕೇಳಿದರೂ, ದಿನ ಹೋಗುವುದೇ ತಿಳಿಯುವುದಿಲ್ಲ ಎನ್ನುತ್ತಿದ್ದರು. ಎಲ್ಲ ಊರಿನಲ್ಲೂ ಎಲ್ಲ ಕಾಲದಲ್ಲೂ ಜನ ಆಡುವ ಮಾತು ಇದು. ಮಂಡಳಿ ಅದನ್ನು ನೆಮ್ಮದಿಯ ಲಕ್ಷಣವೆಂದು ವರದಿಗೆ ಸೇರಿಸಿತು. ಬೆಳಗಿನಿಂದ ಸಂಜೆಗೆ ಹನ್ನೆರಡು ಸಲ ಬಾರಿಸಬೇಕಿದ್ದ ಗಂಟೆ ಹತ್ತಾಗಿ, ಎಂಟಾಗಿ, ಆರಾಗಿ, ಕಡೆಗೆ ಐದಕ್ಕೆ ಇಳಿದಿತ್ತು. ಅದೂ ಶಬ್ದಮಾಲಿನ್ಯದ ಇಳಿಕೆಯೆಂದು ವರದಿಯಲ್ಲಿ ಬಂತು. ವಾಚನಾಲಯದ ಕಿಟಕಿಯಿಂದ ಕಮಾನಿನಾಚೆಯ ರಸ್ತೆ ಕಾಣುತ್ತಿತ್ತು. ಅಲ್ಲಿ ಹಾಲಿನವನು ಮೈಗೆ ಬೆಂಕಿ ಬಿದ್ದವನಂತೆ ಓಡಾಡುತ್ತಿದ್ದ, ಸೈಕಲ್ಲುಗಳು ಸರ್ರೆಂದು ಹಾಯುತ್ತಿದ್ದವು. ಹೊರಗಿನ ಜಗತ್ತಿನ ಹುಚ್ಚು ತಿಂಗಳಿಂದ ತಿಂಗಳಿಗೆ ಏರುತ್ತಿದೆ, ನಾವು ಸರಿಯಾದ ವೇಳೆಗೆ ಒಳಗೆ ಬಂದೆವು ಎಂದು ಓಣಿಯವರು ಕಿಟಕಿಯ ಬಳಿ ನಿಂತು ಮರುಗುತ್ತಿದ್ದರು.

ಸುಗಲಾಳ ಮನೆಯಲ್ಲಿ ಮರುಗುವವಳು ಅತ್ತೆ ನೀಲಗಂಗವ್ವ. ಆದರೆ ಜಗತ್ತಿಗಾಗಿ ಅಲ್ಲ, ರೊಟ್ಟಿಗಾಗಿ. ಎಪ್ಪತ್ತೊಂದು ವಯಸ್ಸು, ಇಪ್ಪತ್ತು ವರ್ಷದ ಸಕ್ಕರೆ ಕಾಯಿಲೆ. ಬೆಳಿಗ್ಗೆ ಮಿಂದು ಇನ್ಸುಲಿನ್ ಸೂಜಿ ಚುಚ್ಚಿಕೊಂಡು, ಲಿಂಗಪೂಜೆಗೆ ಕೂತು, ಪೂಜೆ ಮುಗಿದ ಮೇಲೆ ಉಣ್ಣುವುದು ಅವಳ ಪದ್ಧತಿ. ಪೂಜೆಯಾಗದೆ ಹನಿ ನೀರೂ ಬಾಯಿಗೆ ಹೋಗುವಂತಿಲ್ಲ. ಪೂಜೆಯ ಆಮೇಲೆ ಚುಚ್ಚಿಕೊಳ್ಳಿರೆಂದು ಡಾಕ್ಟರು ಹಿಂದೊಮ್ಮೆ ಹೇಳಿದ್ದಕ್ಕೆ, ಸೂಜಿ ಬಾಯಿಂದ ಹೋಗುವುದಿಲ್ಲವಾದ್ದರಿಂದ ಅದಕ್ಕೆ ಮಡಿಯಿಲ್ಲ, ಔಷಧ ಮೈಗೆ ಹಿಡಿಯಲು ಬೇಕಾದ ಅರ್ಧ ತಾಸು ಶಿವನ ಲೆಕ್ಕಕ್ಕೆ ಹೋದರೆ ಯಾರ ಗಂಟೂ ಹೋಗುವುದಿಲ್ಲವೆಂದು ವಾದಿಸಿ ಗೆದ್ದಿದ್ದಳು. ಇಪ್ಪತ್ತು ವರ್ಷ ಅವಳ ಪೂಜೆ ಕರಾರುವಾಕ್ಕಾಗಿ ಅರ್ಧ ತಾಸಿಗೆ ಮುಗಿದಿತ್ತು.

ಇತ್ತೀಚೆಗೆ ಪೂಜೆ ಮುಗಿಸಿ ಏಳುವಾಗ ಅವಳ ಹಣೆಯಲ್ಲಿ ಬೆವರಿನ ಸಾಲು ಕಾಣುತ್ತಿತ್ತು. ಕೈ ನಡುಗಿ ವಿಭೂತಿ ಹುಬ್ಬಿನ ಮೇಲೆ ಬೀಳುತ್ತಿತ್ತು. ಒಂದು ದಿನ ತಾಟಿನ ಮುಂದೆ ಕೂತವಳು ರೊಟ್ಟಿಯನ್ನು ನೋಡುತ್ತಲೇ ಇದ್ದಳು, ಅದನ್ನು ಏನು ಮಾಡಬೇಕೆಂದು ಮರೆತವಳಂತೆ. ಸುಗಲಾ ಅವಳ ಬಾಯಿಗೆ ತುಂಡು ಬೆಲ್ಲ ಇಟ್ಟ ಮೇಲೆ ಕಣ್ಣೆತ್ತಿ ನೋಡಿದಳು.

“ಏನಿಲ್ವಾ, ಸ್ವಲ್ಪ ಕತ್ತಲಿ ಬಂದಂಗಾತು,” ಎಂದಳು.

“ಇದು ಎಷ್ಟನೇ ಸಲರೀ ಅತ್ತಿ?”

“ನಾ ಏನ್ ಡೈರಿ ಬರಿತೀನೇನ? ವಯಸ್ಸಾತು. ನಿಮ್ಮ ಯಂತ್ರ ವಯಸ್ಸು ನಿಂದರಸ್ತದೇನ ಕೇಳ ನಿನ್ನ ಗಂಡನ್ನ.”

ಗಂಡ ಚನ್ನಬಸು ಅರ್ಥಶಾಸ್ತ್ರದ ಉಪನ್ಯಾಸಕನಾಗಿದ್ದವನು. ಚಳವಳಿಗೆಂದು ನೌಕರಿ ಬಿಟ್ಟು, ನಿಧಾನದ ಬಗ್ಗೆ ವಾರಕ್ಕೆ ನಾಲ್ಕು ಭಾಷಣ ಮಾಡಿ ಸುಸ್ತಾಗಿ ಬರುತ್ತಿದ್ದ. ಅವ್ವನಿಗೆ ಇನ್ನಷ್ಟು ವಿಶ್ರಾಂತಿ ಬೇಕು ಎಂದ. ಡಾಕ್ಟರರನ್ನು ಫೋನಿನಲ್ಲಿ ಕೇಳಿದರು. ಓಣಿಯ ಫೋನುಗಳಿಗೆ ಹೊರಗಿನ ಮಾತನ್ನು ಹಿಗ್ಗಿಸಿ ಕೇಳಿಸುವ ಏರ್ಪಾಡಿತ್ತು; ಡಾಕ್ಟರು ಬಾವಿಯೊಳಗಿಂದ ಮಾತಾಡಿದಂತಿತ್ತು. ಸೂಜಿಗೂ ಊಟಕ್ಕೂ ನಡುವೆ ಎಷ್ಟು ಹೊತ್ತು ಎಂದು ಕೇಳಿದರು. ಅರ್ಧ ತಾಸು ಎಂದಳು ಸುಗಲಾ. ಅಂದಮೇಲೆ ಸರಿಯೇ ಇದೆ, ಎರಡು ಯೂನಿಟ್ ಇಳಿಸಿ ನೋಡಿ ಎಂದರು. ಇಳಿಸಿದರು. ಬೆವರು ನಿಲ್ಲಲಿಲ್ಲ. ಮುಂದಿನ ಸಲ ಬೆಲ್ಲ ಬಾಯಿಗಿಡಲು ಪಕ್ಕದಲ್ಲಿ ಯಾರೂ ಇರದಿದ್ದರೆ ಎಂಬ ಯೋಚನೆ ಸುಗಲಾಳ ತಲೆಯಲ್ಲಿ ಕೂತುಬಿಟ್ಟಿತು. ಪೂಜೆಯ ಹೊತ್ತಿನಲ್ಲಿ ಕಿವಿಗೊಟ್ಟಿರಬೇಕೆಂದು ನೆರೆಮನೆಯ ಸೋನಾಬಾಯಿಗೆ ಹೇಳಿಟ್ಟು ಕೆಲಸಕ್ಕೆ ಹೋಗತೊಡಗಿದಳು.

ಆ ಗುರುವಾರ ಬೆಳಿಗ್ಗೆ ನಿಯಂತ್ರಣ ಕೊಠಡಿಯಲ್ಲಿ ಅವಳ ಜೊತೆಗಿದ್ದವರು ಮಕ್ತುಂಸಾಬರು. ವಿದ್ಯುತ್ತಿನ ಕೆಲಸದಲ್ಲಿ ತಲೆ ನರೆತವರು, ಯಾವ ಯಂತ್ರವನ್ನೂ ಪೂರ್ತಿ ನಂಬದವರು. ಫಲಕದ ಒಂದು ಮುಳ್ಳನ್ನು ಬೆರಳಿನಿಂದ ತಟ್ಟುತ್ತ, ಊರಿನ ಕರೆಂಟೇ ಕೆಟ್ಟಿದೆ ಎಂದು ಗೊಣಗಿದರು. ಸೆಕೆಂಡಿಗೆ ಐವತ್ತು ಸಲ ಮಿಡಿಯಬೇಕಾದ ಕರೆಂಟು ನೂರ ಇಪ್ಪತ್ತೆರಡು ಸಲ ಮಿಡಿಯುತ್ತಿದೆಯೆಂದು ಮುಳ್ಳು ತೋರಿಸುತ್ತಿತ್ತು.

“ಹೋದ ತಿಂಗಳ ತೊಂಬತ್ತೆಂಟಿತ್ರಿ ಬಾಯಾರ. ಅದರ ಹಿಂದಿನ ತಿಂಗಳ ಎಪ್ಪತ್ತೆಂಟು. ಶುರುವಿಗೆ ಅರವತ್ತೆರಡು. ನಾ ಇತರೆದಾಗ ಬರದು ಹಾಕೀನಿ.”

ಸುಗಲಾ ಆ ನಾಲ್ಕು ಅಂಕಿಗಳನ್ನು ಕಾಗದದ ಮೇಲೆ ಬರೆದಳು. ಒಂದೊಂದೂ ಹಿಂದಿನದಕ್ಕಿಂತ ಕಾಲು ಪಾಲು ಹೆಚ್ಚು. ಇಡೀ ದೇಶದ ಕರೆಂಟು ಒಂದೇ ತಂತಿಯಲ್ಲಿ ಕಟ್ಟಿದ್ದು, ಅದು ಐವತ್ತರಿಂದ ಒಂದು ಅಂಕಿ ಆಚೀಚೆಯಾದರೂ ಊರೂರು ಕತ್ತಲಾಗುತ್ತದೆ. ಕರೆಂಟು ಓಡುತ್ತಿಲ್ಲ. ಅದನ್ನು ಅಳೆಯುವ ಫಲಕದ ಗಡಿಯಾರ ಮಂದ್ರದ್ದು, ಅದೇ ಕುಂಟುತ್ತಿದೆ.

ಓಣಿಯನ್ನು ನಿಧಾನಗೊಳಿಸುವ ಮೊದಲು ಯಂತ್ರ ಪ್ರತಿ ತಿಂಗಳು ಊರಿನ ಸಾಮಾನ್ಯ ವೇಗವನ್ನು ಅಳೆಯಬೇಕಿತ್ತು. ಅದಕ್ಕೆಂದು ಬಸ್ ನಿಲ್ದಾಣದ ಹೊರಗೆ, ಪಾದಚಾರಿಗಳ ಹೆಜ್ಜೆ ಎಣಿಸುವ ಚಾಪೆಗಳನ್ನು ಹಾಸಿದ್ದರು. ಆ ಚಾಪೆಗಳು ಈಗ ಎಲ್ಲಿವೆಯೆಂದು ಕೇಳಿದಳು.

“ಆ ಚಾಪಿ ಏನ್ರಿ? ಗಟಾರ ಅಗದಾಗ ಕಿತ್ತರಲ್ರಿ. ಕಂತ್ರಾಟದಾರ ತಾತ್ಪೂರ್ತಿಕ, ನಾಕ ದಿನದ ಮಟ್ಟಿಗೆ ಅಂತ ನಮ್ಮ ಓಣಿ ತ್ವಾಟದಾಗನ ಹಾಸಿ ಹೋದ. ಮೂರು ತಿಂಗಳಾತು.”

ಎಂದರೆ ಮೂರು ತಿಂಗಳಿಂದ ಯಂತ್ರ, ತಾನೇ ನಿಧಾನಗೊಳಿಸಿದ ಜನರ ನಡಿಗೆಯನ್ನು ಊರಿನ ಸಾಮಾನ್ಯ ನಡಿಗೆಯೆಂದು ತಿಳಿದು, ಅದರ ಐದರಲ್ಲಿ ನಾಲ್ಕು ಪಾಲಿಗೆ ಅವರನ್ನು ಮತ್ತೆ ಇಳಿಸುತ್ತ ಬಂದಿತ್ತು. ಓಣಿ ಈಗ ಐದರಲ್ಲಿ ಎರಡು ಪಾಲಿಗೆ ಇಳಿದಿತ್ತು. ಹೊರಗಿನ ಹುಚ್ಚು ಏರಿರಲಿಲ್ಲ. ನಿಧಾನವಾದರೆ ವೇಳೆ ಹೆಚ್ಚು ಸಿಗುತ್ತದೆಂದು ಬಂದವರಿಗೆ ಹಗಲೆಂಬುದು ಐದು ತಾಸಿಗೆ ಬಂದಿತ್ತು. ಯಾರು ನಿಧಾನ, ಯಾರು ಅವಸರ, ಎಂಬುದು ಅವಳ ತಲೆಯಲ್ಲಿ ಎರಡು ಸಲ ಮಗುಚಿ ಬಿತ್ತು. ನಿಧಾನವಾದ ತಲೆಯಿಂದ ನಿಧಾನವನ್ನು ಲೆಕ್ಕ ಹಾಕುವುದು ಕಷ್ಟವೆಂದು ಅನ್ನಿಸುವಷ್ಟರಲ್ಲಿ, ಇನ್ನೊಂದು ಲೆಕ್ಕ ತಾನಾಗಿ ಬಂತು. ಅರ್ಧ ತಾಸಿನ ಪೂಜೆ, ಇನ್ಸುಲಿನ್ ಪಾಲಿಗೆ ಒಂದೂಕಾಲು ತಾಸು.

ಫೋನು ರಿಂಗಾಯಿತು. ಸೋನಾಬಾಯಿ. ಪೂಜೆಯ ಗಂಟೆಯ ಸದ್ದು ನಿಂತಿತು, ಹೋಗಿ ನೋಡಿದರೆ ಅವ್ವ ಮಣೆಯ ಮೇಲಿಂದ ಒರಗಿದ್ದಾಳೆ, ಕರೆದರೆ ಓಗೊಡುವುದಿಲ್ಲ ಎಂದಳು. ಬೆಲ್ಲ ಅರೆದು ಒಸಡಿಗೆ ಹಚ್ಚು, ಗಂಟಲಿಗೆ ಏನೂ ಸುರಿಯಬೇಡ ಎಂದು ಹೇಳಿ ಸುಗಲಾ ಆಂಬುಲೆನ್ಸಿಗೆ ಫೋನು ಮಾಡಿದಳು. ಅತ್ತ ಕಡೆಯವನು ಅವಳ ಒಂದು ವಾಕ್ಯ ಮುಗಿಯುವವರೆಗೆ ಎಷ್ಟು ಕಾದನೋ ಅವಳಿಗೆ ತಿಳಿಯುವಂತಿರಲಿಲ್ಲ. ಗಾಡಿ ಬಂದದ್ದು ಮಾತ್ರ ಕಿಟಕಿಯಲ್ಲಿ ಗುಂಡು ಹಾರಿದಂತೆ ಕಂಡಿತು. ಕಮಾನಿನ ಹೊರಗೆ ನಿಂತೇಬಿಟ್ಟಿತು. ಚಾಲಕನ ಮಾತು ಫೋನಿನಲ್ಲಿ ಹಿಗ್ಗಿ ಬಂತು: “ಒಳಗ ಬಂದ್ರ ನಾನೂ ನಿಮ್ಮಂಗ ಆಗ್ತೇನ್ರಿ. ಪೇಶಂಟ್‌ನ್ನ ನೀವ ಹೊರಗ ತರ್ರಿ.”

ತರಬೇಕಾದವರೂ ನಿಧಾನದವರೇ. ಹೊತ್ತುಕೊಂಡು ನಾಲ್ಕುನೂರು ಹೆಜ್ಜೆ. ಯಂತ್ರವನ್ನು ನಿಲ್ಲಿಸುವುದೊಂದೇ ದಾರಿ. ಆದರೆ ಮಂದ್ರವನ್ನು ತಾಸಿಗೆ ಒಂದು ಪಾಲಿನಂತೆ ಇಳಿಸಬೇಕು, ಒಮ್ಮೆಲೇ ನಿಲ್ಲಿಸಿದರೆ ಜನಕ್ಕೆ ತಲೆ ಸುತ್ತೀತು, ಅಧ್ಯಕ್ಷರ ಅಪ್ಪಣೆ ಬೇಕು ಎಂದು ನಿಯಮ. ಕಂಬಿಯವರಿಗೆ ಫೋನು ಮಾಡಿದಳು. ಅವರು ಉಪಾಹಾರದಲ್ಲಿದ್ದರು, ಒಂದು ತುತ್ತಿಗೆ ಮೂವತ್ತೆರಡು ಸಲ ಅಗಿಯುವ ವ್ರತ. ಅಗಿದು ಮುಗಿಸಿ, ಎರಡೂ ಕಡೆಯ ಅಪಾಯ ತೂಗಿ ನೋಡೋಣ, ಸಾವಕಾಶ ವಿಚಾರ ಮಾಡೋಣ ಎಂದರು.

ಅವಳು ಫೋನನ್ನು ಹಾಗೆಯೇ ಮೇಜಿನ ಮೇಲೆ ಬಿಟ್ಟು ಓಡಿದಳು. ಯಂತ್ರದ ಮುಖ್ಯ ಸ್ವಿಚ್ಚು ವಾಚನಾಲಯದ ಹಿತ್ತಿಲಿನ ಕೋಣೆಯಲ್ಲಿತ್ತು, ಕೋಣೆಗೆ ಬೀಗವಿತ್ತು, ಬೀಗದ ಕೈ ಗೊಂಚಲಿನಲ್ಲಿ ಕಡೆಯದಾಗಿತ್ತು. ಅಂಗಳ ದಾಟುವಾಗ ಸೀರೆಯ ನೆರಿಗೆ ಎಡವಿ ಬಿದ್ದು ಎದ್ದಳು. ಕಾಲು ತನ್ನ ಕೈಲಾದಷ್ಟು ಓಡುತ್ತಿದೆ ಎಂದೇ ಅವಳಿಗೆ ಅನ್ನಿಸುತ್ತಿತ್ತು. ಅತ್ತೆಯ ನೆತ್ತರಿನಲ್ಲಿ ಸಕ್ಕರೆ ಎಷ್ಟು ವೇಗವಾಗಿ ಇಳಿಯುತ್ತಿದೆಯೆಂದು ಯೋಚಿಸಲು ಹೋದಳು. ಆ ಯೋಚನೆಯೂ ಐದರಲ್ಲಿ ಎರಡು ಪಾಲಿನದೆಂದು ನೆನಪಾಗಿ ಬಿಟ್ಟಳು. ಸ್ವಿಚ್ಚನ್ನು ಕೆಳಗೆಳೆದಳು.

ಇದೆಯೆಂದೇ ತಿಳಿಯದ ಸದ್ದೊಂದು ನಿಂತಿತು. ತಲೆ ಒಮ್ಮೆ ಗಿರ್ರೆಂದು ತಿರುಗಿ, ಸ್ತಿಮಿತಕ್ಕೆ ಬಂತು. ಹಿತ್ತಿಲ ಬಾಗಿಲಿನಿಂದ ನೋಡಿದರೆ ಕಮಾನಿನಾಚೆ, ಇಷ್ಟು ದಿನ ಬೆಂಕಿ ಬಿದ್ದವನಂತೆ ಓಡಾಡುತ್ತಿದ್ದ ಹಾಲಿನವನು ಬೀಡಿ ಹಚ್ಚಿಕೊಂಡು, ಆಕಾಶ ನೋಡುತ್ತ, ಯಾವ ಅವಸರವೂ ಇಲ್ಲದೆ ಕ್ಯಾನಿಗೆ ಹಾಲು ಸುರಿಯುತ್ತಿದ್ದ. ಆಂಬುಲೆನ್ಸು ಒಳಗೆ ಬರುತ್ತಿತ್ತು. ಸುಗಲಾ ಅದರ ಮುಂದೆ ಮನೆಯ ಕಡೆ ಓಡಿದಳು.

ನೀಲಗಂಗವ್ವ ಬದುಕಿದಳು. ಗಾಡಿಯಲ್ಲೇ ನರಕ್ಕೆ ಗ್ಲುಕೋಸು ಕೊಟ್ಟರು. ಎರಡು ದಿನದ ಮೇಲೆ ಆಸ್ಪತ್ರೆಯಲ್ಲಿ ಕಣ್ಣು ತೆರೆದು, ಕಿಟಕಿ ಯಾಕೆ ಇಲ್ಲಿಗೆ ಬಂತು ಎಂದು ಕೇಳಿದಳು. ಕೆಲವು ಮಾತು ಸಿಗುತ್ತಿರಲಿಲ್ಲ. ಸೊಸೆಯನ್ನು ಒಮ್ಮೊಮ್ಮೆ ಸತ್ತ ತಂಗಿಯ ಹೆಸರಿನಿಂದ ಕರೆಯುತ್ತಿದ್ದಳು. ಎಡ ಅಂಗೈ ಸಮನಾಗಿ ನಿಲ್ಲುತ್ತಿರಲಿಲ್ಲ; ಲಿಂಗ ಹಿಡಿದಾಗ ಅದರ ಕೆಳಗೆ ಸುಗಲಾ ತನ್ನ ಅಂಗೈ ಕೊಡಬೇಕಾಗುತ್ತಿತ್ತು. ಸಕ್ಕರೆ ಇಲ್ಲದೆ ಮಿದುಳು ಇಷ್ಟು ಹೊತ್ತು ಇದ್ದರೆ ಹೀಗಾಗುತ್ತದೆ, ಸ್ವಲ್ಪ ಬೇಗ ತಂದಿದ್ದರೆ ಚೆನ್ನಾಗಿತ್ತು ಎಂದರು ಡಾಕ್ಟರು. ಯಾರನ್ನೂ ಬೈಯುವ ದನಿಯಲ್ಲಿ ಹೇಳಿರಲಿಲ್ಲ.

ಓಣಿಯಲ್ಲಿ ಬೇರೊಂದು ಗೊಂದಲ. ಮಂದ್ರ ನಿಂತ ಮರುದಿನ ಹಗಲು ಮುಗಿಯಲೇ ಒಲ್ಲದು. ಜನ ಮಧ್ಯಾಹ್ನದ ಊಟ ಎರಡು ಸಲ ಮಾಡಿದರು. ಕವಿಯೊಬ್ಬರು ಬರೆದದ್ದನ್ನೆಲ್ಲ ತಿದ್ದಿ ಮುಗಿಸಿ, ಇನ್ನೂ ಹೊತ್ತು ಉಳಿದದ್ದರಿಂದ ಹರಿದುಹಾಕಿದರು. ಇಷ್ಟು ಉದ್ದದ ದಿನವನ್ನು ಇಟ್ಟುಕೊಂಡು ಏನು ಮಾಡುವುದು, ನಮ್ಮ ಸಾವಕಾಶ ನಮಗೆ ಕೊಡಿ ಎಂದು ಇನ್ನೂರ ಹನ್ನೆರಡು ಮನೆಯವರು ಸಹಿ ಹಾಕಿದರು. ಸಾವಕಾಶ ಎಂದರೆ ಬೇಗ ಮುಗಿಯುವ ದಿನ ಎಂದು ಯಾವಾಗ ಆಯಿತೋ, ಅದನ್ನು ಬಿಡಿಸಿ ಹೇಳಲು ಹೋದ ಸುಗಲಾಳಿಗೇ ನಡುವೆ ದಾರಿ ತಪ್ಪಿತು.

ವಾರದ ಮೇಲೆ ಕಂಬಿಯವರು ವಿಚಾರಣೆಯ ಅರ್ಜಿ ಹಿಡಿದು ಆಸ್ಪತ್ರೆಗೇ ಬಂದರು. ಸೇಬಿನ ಚೀಲ ಮಂಚದ ಮೇಲಿಟ್ಟು, ಅವ್ವನ ಆರೋಗ್ಯ ಕೇಳಿ, ಸೊಸೆಯನ್ನೂ ಮಗನನ್ನೂ ಹೊರಗಿನ ಬೆಂಚಿಗೆ ಕರೆದರು. ಅರ್ಜಿಯಲ್ಲಿ ಒಂದೇ ಪ್ರಶ್ನೆ ಮುಖ್ಯ: ಸುದ್ದಿ ತಿಳಿದ ಎಷ್ಟು ನಿಮಿಷಕ್ಕೆ ಯಂತ್ರ ನಿಲ್ಲಿಸಿದಿರಿ? ಮಂದ್ರದ ದಾಖಲೆಯಲ್ಲಿ ಹತ್ತು ನಿಮಿಷ ಎಂದಿತ್ತು. ಆಂಬುಲೆನ್ಸಿಗೆ ಫೋನು ಬಂದದ್ದು ಎಂಟು ಐದಕ್ಕೆ ಎಂದು ಅವರ ದಾಖಲೆ. ಓಣಿಯ ಕಂಬಗಳ ಕರೆಂಟು ನಿಂತದ್ದು ಎಂಟೂವರೆಗೆ. ಇಪ್ಪತ್ತೈದು ನಿಮಿಷ. ಹತ್ತು ಎಂದು ಬರೆದರೆ ತಪ್ಪು ಚಾಪೆಯದು, ಚಾಪೆಯನ್ನು ಹೊರಗೆ ಹಾಸಿ ಮಂದ್ರ ಮತ್ತೆ ಶುರು. ಇಪ್ಪತ್ತೈದು ಎಂದು ಬರೆದರೆ, ಓಣಿಯಲ್ಲಿ ಯಾರಿಗಾದರೂ ಏನಾದರೂ ಆದಾಗ ಯಾರೂ ವೇಳೆಗೆ ಒದಗಲಾರರೆಂದು ಒಪ್ಪಿಕೊಂಡಂತೆ, ಮಂದ್ರ ಮತ್ತೆ ಶುರುವಾಗದು. ತಡಮಾಡಿದವಳೆಂದು ಹೆಸರೂ ಅವಳದೇ.

“ಎರಡೂ ಖರೇನ ಅಲ್ಲೇನ,” ಎಂದ ಚನ್ನಬಸು. ಅವನ ಕಣ್ಣು ಕೆಂಪಾಗಿತ್ತು. ಏಳು ರಾತ್ರಿ ತಾಯಿಯ ಮಂಚದ ಪಕ್ಕ ಕೂತಿದ್ದ. “ನೀ ಹತ್ತ ನಿಮಿಷನ ತಗೊಂಡಿ. ಸುಳ್ಳ ಬರಿ ಅಂತ ನಾ ಅನ್ನವಲ್ಲೆ. ಎರಡು ಖರೇದಾಗ ನಿನ್ನ ಉಳಸೂದು ಯಾವ್ದು ಅದನ್ನ ಬರಿ.”

ವಾದ ಗಟ್ಟಿಯಾಗಿತ್ತು. ಸುಗಲಾ ಅರ್ಜಿ ಹಿಡಿದು ಒಳಗೆ ಹೋಗಿ ಅತ್ತೆಯ ಮಂಚದ ಪಕ್ಕ ಕೂತಳು.

“ಅತ್ತೀ, ಅವತ್ತ ನಾ ಬರೂದು ಭಾಳ ತಡಾ ಆತು.”

ನೀಲಗಂಗವ್ವ ಮಾತು ಹುಡುಕಲು ಸ್ವಲ್ಪ ಹೊತ್ತು ತೆಗೆದುಕೊಂಡಳು. “ಎಲ್ಲಿ ತಡಾ. ನಾ ಹಿಂಗ ಕಣ್ ಮುಚ್ಚಿನಿ, ತಗದೆ. ನೀ ಇಲ್ಲೇ ಕುಂತಿದ್ದಿ.”

ಮೂರನೆಯ ಲೆಕ್ಕವೂ ಬಂತು. ಅದರ ಪ್ರಕಾರ ಸುಗಲಾ ತಡಮಾಡಲೇ ಇಲ್ಲ. ಮುದುಕಿ ಸೊಸೆಯನ್ನು ಸಮಾಧಾನ ಮಾಡಲು ಹೇಳಿದ್ದಲ್ಲ. ಅವಳಿಗೆ ಅನ್ನಿಸಿದ್ದೇ ಹಾಗೆ. ಹೊದಿಕೆಯ ಮೇಲೆ ಅವಳ ಎಡಗೈ ಬಿದ್ದಿತ್ತು, ಬೆರಳು ಒಳಕ್ಕೆ ಮಡಿಸಿಕೊಂಡು. ಆ ಕೈ ಹತ್ತು ನಿಮಿಷ ಕಾದಿರಲಿಲ್ಲ, ಒಂದು ಕ್ಷಣವೂ ಅಲ್ಲ. ಅದಕ್ಕೆ ಇದ್ದದ್ದು ಒಂದೇ ಲೆಕ್ಕ, ನೆತ್ತರಿನದು.

ಸುಗಲಾ ನಿಮಿಷಗಳ ಚೌಕದಲ್ಲಿ ಇಪ್ಪತ್ತೈದು ಎಂದು ಬರೆದಳು. ಅದರ ಕೆಳಗೆ, ತಡಕ್ಕೆ ಕಾರಣ ಎಂಬಲ್ಲಿ ಎರಡು ಸಾಲಿನಷ್ಟು ಜಾಗವಿತ್ತು. ಚಾಪೆ, ಗಟಾರ, ಕಂತ್ರಾಟದಾರ, ಬೀಗ, ಮೂವತ್ತೆರಡು ಸಲ ಅಗಿಯುವ ತುತ್ತು, ಎಲ್ಲವನ್ನೂ ಅಲ್ಲಿ ಹಿಡಿಸಬಹುದೇ ಎಂದು ಪೆನ್ನು ಹಿಡಿದು ನೋಡಿದಳು. ಆಮೇಲೆ ಬರೆದಳು: ಗೊತ್ತಿಲ್ಲ. ನಾನು ಓಡುತ್ತಲೇ ಇದ್ದೆ.